ಯಶೋಧಾ ಹುರಿದ ಉಸುಕು

ಸಿಂದಗಿಯಲ್ಲಿ ಮೋರಟಗಿ ರಸ್ತೆಗೆ ಹೊರಳುವಲ್ಲಿ ಒಂದು ತಗಡಿನ ಶೆಡ್ಡು. ಅದಕ್ಕೆ ಬೋರ್ಡಿಲ್ಲ. ಬೋರ್ಡು ಬರೆಸು ಎಂದು ಬುದ್ಧಿ ಹೇಳಿದವರಿಗೆ ಭೀಮಶ್ಯಾ, “ಕೆಲಸ ಬೇಕಾದಾಂವ ಹುಡುಕ್ಯಾಡಕೋತ ಬರ್ತಾನ” ಎಂದುಬಿಡುತ್ತಿದ್ದ. ಆ ಸೊಕ್ಕು ಪೂರಾ ಸುಳ್ಳೂ ಅಲ್ಲ. ಟ್ರ್ಯಾಕ್ಟರಿನ ಸೈಲೆನ್ಸರ್ ಇರಲಿ, ದ್ರಾಕ್ಷಿಗೆ ಔಷಧಿ ಹೊಡೆಯುವ ಮಷಿನ್ನಿನ ಪೈಪಿರಲಿ, ಬಾಗಿಸಬೇಕಾದ ಕಬ್ಬಿಣವನ್ನು ಹೊತ್ತು ಇಂಡಿಯಿಂದ, ಬಸವನ ಬಾಗೇವಾಡಿಯಿಂದ ಜನ ಅವನಲ್ಲಿಗೇ ಬರುತ್ತಿದ್ದರು. ವೆಲ್ಡಿಂಗ್ ಮಾಡುವವರು ಊರ ತುಂಬ ಇದ್ದಾರೆ. ಪೈಪನ್ನು ಸುಕ್ಕಾಗದಂತೆ, ಚಪ್ಪಟೆಯಾಗದಂತೆ ಬಾಗಿಸುವ ಕೈ ಮಾತ್ರ ಅವನೊಬ್ಬನದು.

ಆ ಕೈ ಬಂದದ್ದು ತಾಳಿಕೋಟೆಯ ಮುರ್ತುಜಾಸಾಬನಿಂದ. ಮದುವೆ ಬ್ಯಾಂಡಿನವರ ತುತ್ತೂರಿ, ಕಹಳೆ ರಿಪೇರಿ ಮಾಡುತ್ತಿದ್ದ ಮುದುಕ ಅವನು. ಮೀಸೆ ಮೂಡುವ ಮೊದಲೇ ಅವನ ಹತ್ತಿರ ಕೆಲಸಕ್ಕೆ ಸೇರಿದ ಭೀಮಶ್ಯಾ ಕಲಿತದ್ದು ಒಂದೇ ವಿದ್ಯೆ. ಪೈಪಿನ ಒಂದು ತುದಿಗೆ ಕಟ್ಟಿಗೆಯ ಬೆಣೆ ಬಡಿಯಬೇಕು. ಒಳಗೆ ಉಸುಕು ಗಿಡಿದು ತುಂಬಬೇಕು. ಇನ್ನೊಂದು ತುದಿಗೂ ಬೆಣೆ ಹೊಡೆದು, ಕೆಂಪಗೆ ಕಾಯಿಸಿ, ಬಾಗಿಸಬೇಕು. ಹೊಟ್ಟೆ ತುಂಬಿದ ಪೈಪು ಮುದುಡುವುದಿಲ್ಲ. ಆಮೇಲೆ ಬೆಣೆ ಕಿತ್ತು ಉಸುಕು ಸುರಿದರೆ ಆಯಿತು. ಕೇಳಲಿಕ್ಕೆ ಮಕ್ಕಳಾಟ. ಆದರೆ ಮುರ್ತುಜಾಸಾಬ ಕಿವಿ ಹಿಂಡಿ ಹೇಳಿದ ಮಾತೊಂದಿತ್ತು.

“ಉಸುಕ ಹುರಿದು ತುಂಬಬೇಕಲೇ. ಒಂದ ಹನಿ ಹಸಿ ಉಳಿತಂದ್ರ, ತಳಾ ಹಿಡದ ಹಾಲಿನ ಗತೆ ಒಳಗ ಹತ್ತಿ ಕುಂಡರತೈತಿ. ಆಮ್ಯಾಲ ಅದನ್ನ ತಗಿಯೂದು ನಿಮ್ಮಪ್ಪನ ಕಡಿಂದನೂ ಆಗಾಂಗಿಲ್ಲ.”

ಉಸುಕು ಹುರಿಯುವುದನ್ನು ಮುರ್ತುಜಾಸಾಬನಿಗಿಂತ ಚೆನ್ನಾಗಿ ಬಲ್ಲವಳೊಬ್ಬಳು ಅದೇ ಓಣಿಯಲ್ಲಿದ್ದಳು. ಯಶೋಧಾ ಚುರುಮುರಿ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಕಾದ ಉಸುಕಿನಲ್ಲಿ ಅಕ್ಕಿ ಎರಚಿ ಅರಳಿಸುವ ಕೆಲಸ. ಉಸುಕಿನ ಹದ ಅವಳಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಹಸಿ ಇದ್ದದ್ದು ಸೌಟಿನಿಂದ ದೊಪ್ಪೆಂದು ಬೀಳುತ್ತದೆ, ಹುರಿದದ್ದು ಸರಸರ ಜಾರುತ್ತದೆ. ಉಸ್ತಾದ ಉಸುಕು ತರಲು ಕಳಿಸಿದರೆ ಶಿಷ್ಯ ಅರ್ಧ ದಿನ ಅಲ್ಲೇ ಕೂತುಬಿಡುತ್ತಿದ್ದ. ಉಸುಕು ತರಲು ಹೋದವನು ಹುಡುಗಿಯನ್ನೇ ತಂದ ಎಂದು ತಾಳಿಕೋಟೆಯವರು ಬಹಳ ದಿನ ನಕ್ಕರು.

ಮದುವೆಯಾಗಿ ಮೋರಟಗಿಗೆ ಬಂದ ಮೇಲೆ ಹಿತ್ತಲಿನ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆ ಏರಿತು. ಜರಡಿ ಹಿಡಿದು, ಹುರಿದು, ಡಬ್ಬಿಗೆ ತುಂಬಿಕೊಡುವುದು ಅವಳ ಪಾಲಿನ ಕೆಲಸ. ಯಾರಾದರೂ ಪೈಪಿನ ಬಾಗು ನೋಡಿ ಹೊಗಳಿದರೆ ಭೀಮಶ್ಯಾ, “ಉಸುಕ ನಮ್ಮಾಕೀದು” ಎನ್ನುತ್ತಿದ್ದ. ಮಾತಿನಲ್ಲಿ ಮಹಾ ಜಿಪುಣನಾದ ಅವನು ಹೆಂಡತಿಯನ್ನು ಹೊಗಳಿದ್ದು ಅಷ್ಟೇ, ಅದೂ ಅವಳ ಹಿಂದೆ. ಅವಳ ಮುಂದೆ ಮಾಡುತ್ತಿದ್ದುದು ಬೇರೆ. ಡಬ್ಬಿ ಕೈಗೆ ಬಂದೊಡನೆ ತೋಳು ಮಡಚಿ ಉಸುಕಿನೊಳಗೆ ಕೈ ಇಳಿಸಿ ತಳದ ತನಕ ಆಡಿಸಿ ನೋಡುವನು.

“ನಂಬಿಕಿ ಇಲ್ಲೇನ್ರಿ?” ಎಂದು ಅವಳು ಮುಖ ಗಂಟು ಹಾಕಿಕೊಳ್ಳುವಳು.

“ಐತಿ. ಇದೊಂದ ಚಟಾ.”

ಪ್ರತಿಸಲ ಇದೇ ಮಾತು, ಇದೇ ಉತ್ತರ. ಮಗಳು ಪಲ್ಲವಿ ಹುಟ್ಟಿ, ಬೆಳೆದು, ಮುದ್ದೇಬಿಹಾಳಕ್ಕೆ ಮದುವೆಯಾಗಿ ಹೋದರೂ ಈ ಜಗಳ ಹಳತಾಗಲಿಲ್ಲ.

ಯಶೋಧಾಳ ಮೂತ್ರಪಿಂಡ ಎರಡೂ ಕೆಟ್ಟಿವೆ ಎಂದು ತಿಳಿದದ್ದು ಕಾಲು ಊದಿಕೊಂಡ ಮೇಲೆ. ಇನ್ನು ವಾರಕ್ಕೆ ಎರಡು ಸಲ ಮಷಿನ್ನಿಗೆ ಹಾಕಿ ರಕ್ತ ತೊಳೆಯಬೇಕು, ಉಸಿರಿರುವ ತನಕ. ಹತ್ತಿರದ ಮಷಿನ್ನುಗಳಿಗೆ ಉದ್ದದ ಸರತಿ ಇತ್ತು. ಅವಳಿಗೆ ಜಾಗ ಸಿಕ್ಕದ್ದು ವಿಜಯಪುರದ ಒಂದು ಆಸ್ಪತ್ರೆಯಲ್ಲಿ, ಬೆಳಗಿನ ಮೊದಲ ಪಾಳಿ. ಪಾಳಿ ಎಂದರೆ ಪಾಳಿ. ತಡವಾದರೆ ಮುಂದಿನ ಪಾಳಿಯವರ ಹೊತ್ತು ತಿಂದಂತಾಗುತ್ತದೆ, ಮಷಿನ್ನು ಬೇಗ ಬಿಚ್ಚುತ್ತಾರೆ. ಮೋರಟಗಿಯಿಂದ ಹೊರಡುವ ಯಾವ ಬಸ್ಸೂ ಆ ಹೊತ್ತಿಗೆ ಮುಟ್ಟಿಸುತ್ತಿರಲಿಲ್ಲ.

ಮುಟ್ಟಿಸುತ್ತಿದ್ದವನು ಇಸಾಕ. ಸಾಲಿ ಹುಡುಗರನ್ನು ಒಯ್ಯುತ್ತಿದ್ದ ಅವನ ಹಳೆಯ ಪುಟ್ಟ ವ್ಯಾನು ಈಗ ಕಿಡ್ನಿಯವರ ಗಾಡಿಯಾಗಿತ್ತು. ನಸುಕಿನಲ್ಲಿ ಮೋರಟಗಿಗೆ ಬಂದು ಯಶೋಧಾಳನ್ನು ಹತ್ತಿಸಿಕೊಂಡು, ಸಿಂದಗಿಯಲ್ಲಿ ರುಕ್ಮಿಣೀಬಾಯಿಯವರನ್ನು ಕೂಡಿಸಿಕೊಂಡು ಹೊರಡುತ್ತಿದ್ದ. ರುಕ್ಮಿಣೀಬಾಯಿ ಕನ್ನಡಸಾಲಿಯಲ್ಲಿ ಕಲಿಸಿ ನಿವೃತ್ತರಾದ ಬಾಯಾರು, ಮನೆಯಲ್ಲಿ ಮರಾಠಿ ಮಾತಾಡುವ ವೈಷ್ಣವ ಮನೆತನ. ಹಿಂದಿನ ಸೀಟಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ವಾಪಸು ಬರುವಾಗ ಒಬ್ಬರ ಹೆಗಲ ಮೇಲೆ ಒಬ್ಬರು ತಲೆ ಇಟ್ಟು ಮಲಗಿಬಿಡುತ್ತಿದ್ದರು.

“ಯಶೋಧಾ, ನಮ್ಮಿಬ್ಬರ ರಕ್ತಾ, ಇವತ್ತ ನಂದು ಮುಂದಿನ ಸಲ ನಿಂದು, ಒಂದ ಮಷಿನ್‍ನ್ಯಾಗ ತೊಳೀಲಿಕ್ಕತ್ತಾರ. ಇನ್ನೇನ ಮಡಿ, ಇನ್ನೇನ ಮೈಲಿಗಿ ಅದ ಹೇಳು” ಎಂದು ಬಾಯಾರು ನಗುತ್ತಿದ್ದರು.

ಈ ಗಾಡಿ ಓಡುವ ತನಕ ತನ್ನ ಹೆಂಡತಿ ಇರುತ್ತಾಳೆ. ಭೀಮಶ್ಯಾನ ತಲೆಯಲ್ಲಿ ಲೆಕ್ಕ ಅಷ್ಟು ಸರಳವಾಗಿತ್ತು.

ಬೇಸಿಗೆ ಕಾಲಿಟ್ಟ ಹೊತ್ತಿಗೆ ಗಾಡಿ ಕೈಕೊಟ್ಟಿತು. ಕೆಟ್ಟದ್ದು ಮ್ಯಾನಿಫೋಲ್ಡು. ಕಾರ್ಬುರೇಟರಿನಿಂದ ಬರುವ ಗಾಳಿ, ಪೆಟ್ರೋಲು ಎರಡನ್ನೂ ಎಂಜಿನ್ನಿನ ಮೂರು ಸಿಲಿಂಡರಿಗೆ ಹಂಚುವ ಮೂರು ಕವಲಿನ ಕೊಳವೆ ಅದು. ಒಳಗಿನ ನೀರಿನ ದಾರಿ ತುಕ್ಕು ತಿಂದು ತೂತಾಗಿ, ನೀರು ಎಂಜಿನ್ನಿಗೆ ಇಳಿಯುತ್ತಿತ್ತು. ಹಳೆಯ ಮಾದರಿ, ಹೊಸ ಸಾಮಾನು ಬರುವುದು ನಿಂತು ಕಾಲವಾಗಿತ್ತು. ಇಸಾಕ ವಿಜಯಪುರ, ಸೊಲ್ಲಾಪುರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ. ಸಿಕ್ಕವೂ ತೂತಾದವೇ. ಕಡೆಗೆ ಒಡೆದ ಕೊಳವೆಯನ್ನು ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿಗೆ ಬಂದ.

“ಕಾಕಾ, ಇಂಥಾದ್ದೊಂದು ನೀನ ಮಾಡಿ ಕೊಡ. ನಾಳಿ ನಸಿಕಿನ್ಯಾಗ ಪಾಳಿ ಐತಿ. ಹಿಂದಿನ ಪಾಳಿ ತಪ್ಪೈತಿ. ಕಾಕೂನ ಮುಖಾ ಹೆಂಗ ಬಾತೈತಿ ನೋಡೀಯಿಲ್ಲ?”

ನೋಡದೆ ಇರುತ್ತಾನೆಯೇ? ಭೀಮಶ್ಯಾ ಆ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಜನ್ಮದಲ್ಲಿ ಇಂಥದನ್ನು ಮಾಡಿದವನಲ್ಲ. ಸೈಲೆನ್ಸರಿನಲ್ಲಿ ಹೊಗೆ ಹೊರಗೆ ಹೋಗುತ್ತದೆ, ಒಳಗೆ ಏನಿದ್ದರೂ ಉಗುಳಿಬಿಡುತ್ತದೆ. ಇದು ಎಂಜಿನ್ನು ಉಸಿರೆಳೆದುಕೊಳ್ಳುವ ದಾರಿ. ಇಲ್ಲಿ ಏನಿದ್ದರೂ ಎಂಜಿನ್ನಿನ ಹೊಟ್ಟೆಗೇ.

“ನೀರಿನ ದಾರಿ ಬಿಟ್ಟ ಬಿಡೂಣು. ಕಬ್ಬಿಣದ ಪೈಪಿಲೇ ಮಾಡ್ತೇನಿ” ಎಂದ.

ಬೆಳಗಿನಿಂದಲೇ ಕೆಲಸಕ್ಕೆ ಕೂತ. ಶೆಡ್ಡಿಗೆ ಎಳೆದು ತಂದಿದ್ದ ಗಾಡಿಯ ಎಂಜಿನ್ನಿನ ಬಾಯಿಗೆ ಗ್ರೀಸ್ ಸವರಿ, ರಟ್ಟು ಒತ್ತಿ ಅಚ್ಚು ತೆಗೆದುಕೊಂಡ. ಆ ಅಚ್ಚನ್ನು ದಪ್ಪ ತಗಡಿನ ಮೇಲಿಟ್ಟು ಗೀರಿ, ಕೊರೆದು, ಕಾನಸಿನಿಂದ ಉಜ್ಜಿ, ಪೈಪು ಕೂಡಿಸುವ ಪಟ್ಟಿ ಮಾಡಿದ. ಮೂರು ತುಂಡು ಪೈಪು ಕತ್ತರಿಸಿದ. ಮೂರಕ್ಕೂ ಬೇರೆ ಬೇರೆ ಬಾಗು. ಇನ್ನು ಉಸುಕು ಬೇಕು.

ಮಧ್ಯಾಹ್ನ ಮನೆಗೆ ಬಂದಾಗ ನೆರೆಮನೆಯ ಶೇವಂತೆವ್ವ ಒಲೆ ಹೊತ್ತಿಸುತ್ತಿದ್ದಳು. ಕಾಯಿಲೆ ಬಿದ್ದ ಮೇಲೆ ಯಶೋಧಾ ಒಲೆಯ ಮುಂದೆ ಕೂತಿರಲಿಲ್ಲ, ಉಸುಕು ಶೇವಂತೆವ್ವನೇ ಹುರಿದುಕೊಡುತ್ತಿದ್ದಳು. ಆ ದಿನ ಯಶೋಧಾ ಗೋಡೆ ಹಿಡಿದು ಎದ್ದು ಬಂದಳು.

“ಅತ್ತಾಗ ಸರಿ ಶೇವಂತೆವ್ವ. ಇದು ನನ್ನ ಗಾಡಿ. ನನ್ನ ಗಾಡೀದು ನಾನ ಹುರಿತೇನಿ.”

“ಬಿಸಲಾಗ ಕುಂತ ಸಾಯ್ತಿ ಏನ?” ಎಂದ ಭೀಮಶ್ಯಾ.

“ಸಾಯೂದು ಇದ್ದದ್ದ ಐತಿ. ಹುರಿದಾರ ಸಾಯ್ತೇನಿ. ನೀವು ಉಣ್ಣ ಹೋಗ್ರಿ.”

ಅವಳ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ಹಳೆಯ ಗತ್ತು ಕೇಳಿಸಿತ್ತು. ಅದಕ್ಕೆ ಅಡ್ಡ ಬರಲು ಅವನಿಗೆ ಮನಸ್ಸು ಬರಲಿಲ್ಲ. ಶೇವಂತೆವ್ವ ಗೊಣಗುತ್ತ ತನ್ನ ಮನೆಗೆ ಹೋದಳು, ಅವನು ರೊಟ್ಟಿ ಉಂಡು ಗಳಿಗೆ ಹೊತ್ತು ಅಡ್ಡಾದ.

ಹಿತ್ತಲಿಗೆ ಬಂದಾಗ ಬಾಣಲೆ ಕೆಳಗಿತ್ತು. ಉಸುಕು ಡಬ್ಬಿಗೆ ಬಿದ್ದಿತ್ತು. ಯಶೋಧಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಹಣೆಯ ಬೆವರು ಕುತ್ತಿಗೆಗೆ ಇಳಿಯುತ್ತಿತ್ತು.

“ಆತೇನ?”

“ಆತ್ರಿ.”

ಚಟದಂತೆ ಅವನ ಕೈ ಡಬ್ಬಿಗೆ ಇಳಿಯಿತು. ಮೇಲೆ ಕೈ ತಾಳುವಷ್ಟು ಬಿಸಿ. ಮೊಣಕೈ ತನಕ ಇಳಿಸಿದಾಗ ಬೆರಳಿಗೆ ಹಸಿ ತಂಪು ತಾಗಿತು; ಹಿಡಿದದ್ದು ಒಂದು ಗಳಿಗೆ ಮುಷ್ಟಿಯಲ್ಲಿ ಮುದ್ದೆಗಟ್ಟಿ ಆಮೇಲೆ ಉದುರಿತು. ಅರ್ಧ ಹುರಿದದ್ದು. ಅದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಆದರೆ ಈಗ ಬಾಣಲೆಯನ್ನು ಮತ್ತೆ ಒಲೆಗೇರಿಸಿದರೆ, ನಿನ್ನಿಂದ ಇನ್ನು ಇದೂ ಆಗುವುದಿಲ್ಲ ಎಂದು ಅವಳ ಮುಖಕ್ಕೇ ಹೇಳಿದಂತೆ. ಅವಳ ಕೈಯಲ್ಲಿ ಉಳಿದಿದ್ದುದು ಇದೊಂದೇ. ಕೈ ಹೊರಗೆ ತೆಗೆದು ಕೊಡವಿದ.

“ಛಲೋ ಆಗೈತಿ” ಎಂದ.

ಅವಳು ಕಣ್ಣು ತೆರೆಯದೆ ಸಣ್ಣಗೆ ನಕ್ಕಳು. ಹಳೆಯ ಪ್ರಶ್ನೆ ಕೇಳಲಿಲ್ಲ.

ಶೆಡ್ಡಿಗೆ ಹೋಗಿ ಗ್ಯಾಸಿನ ಉರಿಯಲ್ಲಿ ಮತ್ತೆ ಕಾಯಿಸಿಕೊಂಡರಾಯಿತು ಎಂದು ದಾರಿಯಲ್ಲಿ ಅಂದುಕೊಂಡ. ಅಲ್ಲಿ ನೋಡಿದರೆ ಸಿಲಿಂಡರಿನಲ್ಲಿ ಗ್ಯಾಸು ಪೈಪು ಕಾಯಿಸಿ ಬೆಸೆಯಲು ಸಾಲುವಷ್ಟೇ ಉಳಿದಿತ್ತು. ಹೊತ್ತು ಇಳಿಯುತ್ತಿತ್ತು, ಇಸಾಕ ತಲೆಯ ಮೇಲೇ ನಿಂತಿದ್ದ. ಪೈಪು ಕೆಂಪಗೆ ಕಾಯುತ್ತದಲ್ಲ, ಉಸುಕೂ ಅದರೊಳಗೇ ಒಣಗುತ್ತದೆ ಎಂದು ಭೀಮಶ್ಯಾ ತನಗೆ ತಾನೇ ಹೇಳಿಕೊಂಡ. ಮುರ್ತುಜಾಸಾಬ ಹಿಂಡಿದ ಕಿವಿ ಅದನ್ನು ನಂಬಲಿಲ್ಲ, ಕೈ ಮಾತ್ರ ಉಸುಕು ತುಂಬುತ್ತ ಹೋಯಿತು.

ಮೊದಲ ಎರಡು ಪೈಪು ಸುಸೂತ್ರ ಬಾಗಿದವು. ಮೂರನೆಯದು ಕಾಯುತ್ತಿದ್ದಂತೆ ಬೆಣೆಯ ಸಂದಿಯಿಂದ ಸುಂಯ್ ಎಂದು ಹಬೆ ಬಂತು. ಎಲ್ಲಕ್ಕಿಂತ ಬಿಗಿಯಾದ ಬಾಗು ಇದ್ದದ್ದೂ ಆ ಪೈಪಿಗೇ. ಭೀಮಶ್ಯಾನ ಕೈ ಒಂದು ಕ್ಷಣ ತಡೆಯಿತು. ಬೆಣೆ ಸಡಿಲಿಸಿ, ಹಬೆ ಬಿಟ್ಟು, ಮತ್ತೆ ಬಿಗಿದು ಬಾಗಿಸಿದ. ಆಮೇಲೆ ಉಸುಕು ಸುರಿದು, ಕಟ್ಟಿಗೆಯ ಕೊಡತಿಯಿಂದ ಬಡಿದು, ಒಳಗೆ ಸರಪಳಿ ಎಳೆದಾಡಿ, ಕಂಪ್ರೆಸರಿನ ಗಾಳಿ ಹೊಡೆದ. ಏನೂ ಬೀಳುವುದು ನಿಂತಿತು. ಬಿಗಿ ಬಾಗಿನ ಆಚೆ ಏನಿದೆಯೆಂದು ಕಣ್ಣಿಗೂ ಕಾಣದು, ಬೆರಳಿಗೂ ಎಟುಕದು.

ಮೂರನ್ನೂ ಪಟ್ಟಿಗೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದು ನೋಡಿದ. ಒಂದು ಗುಳ್ಳೆ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಂಜಿನ್ನಿಗೆ ಕೂಡಿಸಿ ಚಾಲೂ ಮಾಡಿದರೆ ಅದು ಹೊಲಿಗೆ ಮಷಿನ್ನಿನಂತೆ ಮೆತ್ತಗೆ ಆಡತೊಡಗಿತು. ಇಸಾಕ ಅವನನ್ನು ತಬ್ಬಿಕೊಂಡ.

“ಕಂಪನೀದೂ ಹಿಂಗ ಇದ್ದಿದ್ದಿಲ್ಲ ಕಾಕಾ!”

“ಉಸುಕ ನಮ್ಮಾಕೀದು” ಎಂದ ಭೀಮಶ್ಯಾ. ಅಭ್ಯಾಸಬಲದಿಂದ ಬಂದ ಮಾತು. ಆಡಿದವನೇ ಬಗ್ಗಿ ಸಾಮಾನು ಎತ್ತಿಡತೊಡಗಿದ.

ಕೆಲವು ವಾರ ಗಾಡಿ ಓಡಿತು. ಇಬ್ಬರು ಹೆಂಗಸರೂ ಹೆಗಲಿಗೆ ಹೆಗಲು ಕೊಟ್ಟು ಹೋಗಿ ಬಂದರು. ಯಶೋಧಾ ಬಾಯಾರಿಗೆ ಹೇಳಿಕೊಂಡಿದ್ದಳಂತೆ, ಎಂಜಿನ್ನಿನೊಳಗೆ ನಮ್ಮ ಮನಿ ಪೈಪೈತಿ ಎಂದು. ಆಮೇಲೆ ಗಾಡಿ ನೀಲಿ ಹೊಗೆ ಬಿಡತೊಡಗಿತು. ಆಯಿಲು ಕುಡಿಯಿತು. ಏರು ಬಂದರೆ ಏದುಸಿರು ಬಿಟ್ಟಿತು. ಒಂದು ನಸುಕಿನಲ್ಲಿ ದೇವರಹಿಪ್ಪರಗಿ ದಾಟಿದ ಮೇಲೆ ನಿಂತೇ ಹೋಯಿತು. ಇಸಾಕ ಕೈ ಅಡ್ಡ ಹಿಡಿದು ಹಿಡಿದು ಒಂದು ಲಾರಿ ನಿಲ್ಲಿಸಿ ಇಬ್ಬರನ್ನೂ ಹತ್ತಿಸುವಷ್ಟರಲ್ಲಿ ಪಾಳಿ ಅರ್ಧ ಮುಗಿದಿತ್ತು.

ಎಂಜಿನ್ನು ಬಿಚ್ಚಿದ ಮೆಕ್ಯಾನಿಕನು ಸಿಲಿಂಡರಿನ ಗೋಡೆಗಳನ್ನು ತೋರಿಸಿದ. ಉಗುರಿನಿಂದ ಕೆರೆದಂತೆ ಮೇಲಿಂದ ಕೆಳಗೆ ಗೆರೆಗಳು. “ಧೂಳ ಹೊಕ್ಕೈತಿ. ಎಲ್ಲಾ ಕಡೆ ರಸ್ತಾ ಅಗದ ಇಟ್ಟಾರಲ್ಲ” ಎಂದ. ಗೆರೆ ಹೋಗುವಂತೆ ಮತ್ತೆ ಕೊರೆಸುವಷ್ಟು ಕಬ್ಬಿಣ ಅದರಲ್ಲಿ ಉಳಿದಿರಲಿಲ್ಲ. ಇಸಾಕ ಗಾಡಿಯನ್ನು ಗುಜರಿಗೆ ಕೊಟ್ಟು, ಇಂಡಿ ಊರಿನ ಲಿಂಬೆಹಣ್ಣಿನ ಲಾರಿಗೆ ಡ್ರೈವರನಾಗಿ ಸೇರಿಕೊಂಡ.

ವಾರಕ್ಕೆ ಎರಡು ಸಲ ಬಾಡಿಗೆ ಕಾರು ಹಿಡಿಯುವ ಶಕ್ತಿ ಇಲ್ಲದ ಭೀಮಶ್ಯಾ ಯಶೋಧಾಳನ್ನು ಮೋಟಾರ್‌ಸೈಕಲ್ಲಿನ ಮೇಲೆ ಒಯ್ಯತೊಡಗಿದ. ವಾಪಸು ಬರುವಾಗ ಅವಳಿಗೆ ಜೋಂಪು ಹತ್ತುತ್ತಿತ್ತು. ಬಿದ್ದಾಳೆಂದು ಹೆಗಲ ವಲ್ಲಿಯಿಂದ ಅವಳ ಸೊಂಟವನ್ನೂ ತನ್ನ ಸೊಂಟವನ್ನೂ ಕೂಡಿಸಿ ಕಟ್ಟಿಕೊಳ್ಳುತ್ತಿದ್ದ. ಬಿಸಿಲಿನಲ್ಲಿ ಅಷ್ಟು ದೂರ ಹೋಗಿ ಬಂದರೆ ಎರಡು ದಿನ ಮೇಲೇಳುತ್ತಿರಲಿಲ್ಲ. ಅದಕ್ಕೆ ನಡುವೆ ಪಾಳಿಗಳು ತಪ್ಪಿದವು. ಅತ್ತ ರುಕ್ಮಿಣೀಬಾಯಿಯವರನ್ನು ಕಟ್ಟಿಕೊಂಡು ಹೋಗುವವರೂ ಇರಲಿಲ್ಲ. ತಮ್ಮನ ಮಗ ಧೀರೇಂದ್ರ ಅವರಿವರ ಕಾರು ಕೇಳಿ ಒಯ್ದಷ್ಟು ದಿನ ಒಯ್ದ. ಒಂದು ದಿನ ಬಾಯಾರು, ಸಾಕಪ್ಪಾ, ಇನ್ನು ಬಿಟ್ಟುಬಿಡು ಎಂದರಂತೆ. ವಾರ ತುಂಬುವುದರೊಳಗೆ ತೀರಿಕೊಂಡರು. ಯಶೋಧಾ ಆ ಸುದ್ದಿ ಕೇಳಿ ಅಳಲಿಲ್ಲ. ಹಾಸಿಗೆಯಲ್ಲಿ ತನ್ನ ಪಕ್ಕದ ಜಾಗವನ್ನು ಕೈಯಿಂದ ಸವರಿದಳು.

ಆ ಹೊತ್ತಿಗೇ ಇಸಾಕ ಶೆಡ್ಡಿಗೆ ಬಂದ. ಕೈಯಲ್ಲಿ ಮ್ಯಾನಿಫೋಲ್ಡು.

“ಗಾಡಿ ಗುಜರಿಗಿ ಹೋತು. ಇದನ್ನ ಕೊಡಾಕ ಮನಸಾಗಲಿಲ್ಲ ಕಾಕಾ. ಬಾಗಲಕ್ಕ ತೂಗ ಹಾಕು. ಬೋರ್ಡ ಇಲ್ಲಂದ್ರ ಇದ ಬೋರ್ಡ.”

ಅವನು ಚಹಾ ತರಲು ಹೋದಾಗ ಭೀಮಶ್ಯಾ ಗರಗಸ ತೆಗೆದುಕೊಂಡು ಮೂರನೆಯ ಪೈಪನ್ನು ಬಾಗಿನಲ್ಲೇ ಕೊಯ್ದ. ಒಳಗೆ ಉಸುಕಿನ ಹಕ್ಕಳೆ ಹಿಡಿದಿತ್ತು. ಅರ್ಧ ಪೆಟ್ರೋಲಿಗೆ ನೆನೆದು ಉದುರಿಹೋಗಿತ್ತು, ಅರ್ಧ ಇನ್ನೂ ಹತ್ತಿಕೊಂಡಿತ್ತು. ಮುರ್ತುಜಾಸಾಬ ಹೇಳಿದ ಹಾಗೆಯೇ, ತಳ ಹಿಡಿದ ಹಾಲು.

ಇಸಾಕ ಚಹಾ ಹಿಡಿದು ಬಂದವನು ಎರಡು ತುಂಡನ್ನು ನೋಡಿ ನಿಂತ.

“ರಸ್ತಾದ ಧೂಳಲ್ಲ. ಉಸುಕ. ಒಳಗ ಉಳದಿತ್ತು. ತಪ್ಪ ನಂದು” ಎಂದ ಭೀಮಶ್ಯಾ. ಹೆಂಡತಿಯ ಹೆಸರು ತೆಗೆಯಲಿಲ್ಲ.

ಇಸಾಕ ಚಹಾದ ಗ್ಲಾಸನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟ.

“ನನ್ನ ಗಾಡಿ ಹೋತು ಹೋಗ್ಲಿ. ಬಾಯಾರಿಗಿ ಏನ ಹೇಳಾಂವ ಕಾಕಾ? ಅವ್ರು ನಿನ್ನ ಹೊಗಳಕೋತ ಕುಂತಿರತಿದ್ರು ಗಾಡ್ಯಾಗ.”

ಹಾಗೆಂದವನು ತಿರುಗಿ ನೋಡದೆ ಹೋದ. ಮತ್ತೆಂದೂ ಆ ಶೆಡ್ಡಿಗೆ ಬರಲಿಲ್ಲ. ಅವನದೇನು ತಪ್ಪು? ಅವನ ಜಾಗದಲ್ಲಿ ತಾನಿದ್ದರೂ ಬರುತ್ತಿರಲಿಲ್ಲ ಎಂದುಕೊಂಡ ಭೀಮಶ್ಯಾ.

ಯಶೋಧಾಳಿಗೆ ಈಗ ಮಲಗಲು ಆಗುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಿತ್ತಲ ಬಾಗಿಲಲ್ಲಿ ದಿಂಬಿಗೆ ಒರಗಿ, ಒಲೆಯ ಕಡೆ ನೋಡುತ್ತ ಕೂತಿರುವಳು. ನೀರು ನೀರು ಎಂದು ಒದ್ದಾಡುವಳು. ಒದ್ದೆ ಅರಿವೆಯಿಂದ ತುಟಿ ಒರೆಸುವುದಷ್ಟೇ, ಕುಡಿಸುವಂತಿಲ್ಲ. ಒಂದು ಸಂಜೆ ಹಾಗೆ ಒರೆಸುತ್ತಿದ್ದಾಗ ಅವನ ಕೈ ಹಿಡಿದುಕೊಂಡಳು.

“ಗಾಡಿ ಉಸುಕಿಲೇ ಹೋತೇನ್ರಿ?”

“ಯಾರ ಹೇಳಿದ್ರು? ರಸ್ತಾದ ಧೂಳ ಹೊಕ್ಕಿತ್ತು.”

“ಸುಳ್ಳ ಹೇಳಬ್ಯಾಡ್ರಿ. ನಾ ಅರ್ಧಕ್ಕ ಇಳಿಸಿದ್ದೆ. ಕಣ್ಣಿಗಿ ಕತ್ತಲಿ ಬಂದಿತ್ತು. ಹೇಳಾಕ ನಾಚಿಕಿ ಆತು. ಹೆಂಗೂ ನೀವು ಕೈಯಾಡಿಸಿ ನೋಡ್ತೀರಿ, ಹಸಿ ಇದ್ರ ಮತ್ತ ಒಲಿ ಮ್ಯಾಲ ಇಡ್ತೀರಿ ಅಂದಕೊಂಡೆ.” ಉಸಿರು ತೆಗೆದುಕೊಂಡಳು. “ಜನ್ಮಾಪೂರ್ತಿ ನೋಡೀರಿ. ಅವತ್ತೊಂದ ದಿನ ನೋಡಲಿಲ್ಲೇನ್ರಿ?”

ನೋಡಲಿಲ್ಲ ಎಂದುಬಿಡಬಹುದಿತ್ತು. ಮರೆವಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಅವಳಿಗೆ ಇನ್ನೊಂದು ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ.

“ನೋಡಿದ್ದೆ.”

“ಮತ್ತ?”

“ಹಸಿ ಅಂದ್ರ ನಿನಗ ಕೆಟ್ಟ ಅನಸತೈತಿ ಅಂತ...”

ಅವಳು ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಾಳಿಕೊಳ್ಳುತ್ತಿದ್ದ.

“ಕೆಟ್ಟ ಅನಸತಿತ್ತು ಖರೇ” ಎಂದಳು. “ಅದಕ್ಕ ಸಾಯತಿದ್ದಿಲ್ಲಲ್ರಿ.”

ಮರುದಿನ ಪಾಳಿ ಇತ್ತು. ಪಲ್ಲವಿಗೆ ಫೋನ್ ಮಾಡಿ ನೇರ ಆಸ್ಪತ್ರೆಗೇ ಬಾ ಎಂದ. ಅಂಬುಲೆನ್ಸ್ ಕರೆಸುತ್ತೇನೆ ಎಂದರೆ ಯಶೋಧಾ ಕೇಳಲಿಲ್ಲ. ಅದರೊಳಗ ಮಲಗಸ್ತಾರ, ನನಗ ಮಲಗಾಕ ಆಗಾಂಗಿಲ್ಲ ಎಂದಳು. ನಸುಕಿನಲ್ಲಿ ವಲ್ಲಿ ಕಟ್ಟಿಕೊಂಡು ಹೊರಟರು. ವಿಜಯಪುರ ಸಮೀಪಿಸುವಾಗ ಅವಳ ತಲೆ ಬೆನ್ನಿಗೆ ಭಾರವಾಗಿ ಬಿತ್ತು. ನಿದ್ದೆ ಹತ್ತಿತು, ಒಳ್ಳೆಯದೇ ಆಯಿತು ಎಂದುಕೊಂಡು ಅವನು ಗಾಡಿಯನ್ನು ಕುಲುಕದಂತೆ ಓಡಿಸಿದ. ಆಸ್ಪತ್ರೆಯ ಬಾಗಿಲಲ್ಲಿ ವಲ್ಲಿಯ ಗಂಟು ಬಿಚ್ಚಿದವಳು ಪಲ್ಲವಿ. ಬಿಚ್ಚಿದ ಮೇಲೆ ಅವಳೇ ಮೊದಲು ಕೂಗಿದ್ದು.

ಶೆಡ್ಡಿಗೆ ಈಗಲೂ ಬೋರ್ಡಿಲ್ಲ. ಉಸುಕನ್ನು ಭೀಮಶ್ಯಾ ಅಲ್ಲೇ ತಾನೇ ಹುರಿಯುತ್ತಾನೆ. ಹುರಿದಾದ ಮೇಲೆ ತೋಳು ಮಡಚಿ ತಳದ ತನಕ ಕೈ ಇಳಿಸಿ ನೋಡುತ್ತಾನೆ. ಒಣಗಿ ಸರಸರ ಎನ್ನುತ್ತಿದ್ದರೂ, ಕೇಳುವವರು ಶೆಡ್ಡಿನಲ್ಲಿ ಒಬ್ಬರೂ ಇಲ್ಲದಿದ್ದರೂ, “ಇನ್ನಾ ಹಸಿ ಐತಿ” ಎಂದು ಗಟ್ಟಿಯಾಗಿ ಹೇಳಿ ಬಾಣಲೆಯನ್ನು ಮತ್ತೆ ಒಲೆಗೇರಿಸುತ್ತಾನೆ.